ಮಾರ್ಮನ್ ಕೈಗಾಡಿ ಟ್ರೆಕ್‌ಗೆ ಮನೆ ಮಂದಿಯೆಲ್ಲ ಹೋಗುವುದು ಹೇಗೆ: ಬಕೆಟ್ ತುಂಬುವುದರಿಂದ ಇಳಿಜಾರು ಇಳಿಯುವವರೆಗೆ

ಈ ಟ್ರೆಕ್‌ಗೆ ತಯಾರಿ ಕಾಫಿ ಬಿಡುವುದರಿಂದ ಶುರುವಾಗಬೇಕು. ತಮಾಷೆಗೆ ಹೇಳುತ್ತಿಲ್ಲ. ಅಮೆರಿಕದ ಒಂದು ಕ್ರೈಸ್ತ ಪಂಥದವರಾದ ಮಾರ್ಮನ್ನರು, ತಮ್ಮ ಹಿರಿಯರು ಕೈಗಾಡಿ ಎಳೆದು ಯೂಟಾಕ್ಕೆ ಬಂದದ್ದರ ನೆನಪಿಗೆ, ಅಂಥದೇ ಗಾಡಿ ಎಳೆಯುತ್ತ ನಡೆಯುವುದೇ ಈ ಟ್ರೆಕ್. ಅವರು ಕಾಫಿ, ಟೀ ಎರಡನ್ನೂ ಕುಡಿಯುವುದಿಲ್ಲ. ಹಾಗಾಗಿ ಗಾಡಿ ಎಳೆಯುವ ಮೂರು ದಿನ ಎರಡೂ ಸಿಗುವುದಿಲ್ಲ. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಬೇಕಾದ ನಮ್ಮನೆಯವರು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೊದಲ ದಿನ ಮಧ್ಯಾಹ್ನಕ್ಕೆ ತಲೆ ಸಿಡಿಯತೊಡಗಿತು. ಬಿಸಿಲಿಗೋ, ಎತ್ತರದ ಜಾಗಕ್ಕೋ, ಕಾಫಿ ಇಲ್ಲದ್ದಕ್ಕೋ ಗೊತ್ತಾಗದೆ ಎಲ್ಲರೂ ಗಾಬರಿಯಾದೆವು. ನೀವು ಎರಡು ವಾರ ಮೊದಲಿಂದಲೇ ಲೋಟ ಕಡಿಮೆ ಮಾಡುತ್ತ ಬನ್ನಿ.

ನಾವಿರುವುದು ಅಮೆರಿಕದ ಯೂಟಾದಲ್ಲಿ. ನಾನು, ನಮ್ಮನೆಯವರು, 15 ವರ್ಷದ ಮಗಳು, 11 ವರ್ಷದ ಮಗ. ನಮ್ಮ ಬೀದಿಯಲ್ಲಿ ಹೆಚ್ಚಿನವರು ಮಾರ್ಮನ್ನರು, ನಾವು ಅಲ್ಲ. ಪಕ್ಕದ ಮನೆಯವರು "ಈ ಸಲ ನೀವೂ ಬನ್ನಿ" ಎಂದು ಕರೆದರು, ಹೋದೆವು. ಲೀಹೈ, ಸ್ಯಾಂಡಿ, ಸೌತ್ ಜೋರ್ಡನ್ ಕಡೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದಿರುವ ನಮ್ಮವರಿಗೆ ಇಂಥ ಕರೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಯಾವುದರ ನೆನಪಿಗೆ ಇಷ್ಟೆಲ್ಲ ಎಂದು ತಿಳಿದುಕೊಳ್ಳಿ

ಇದನ್ನು ತಿಳಿಯದೆ ಹೋದರೆ ಸುಮ್ನೆ ಬಿಸಿಲಲ್ಲಿ ಗಾಡಿ ಎಳೆದ ಹಾಗಾಗುತ್ತದೆ.

ಮಾರ್ಮನ್ನರು ಬ್ರಿಗಮ್ ಯಂಗ್ ಅವರ ಮುಂದಾಳುತನದಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಬಂದು ಸೇರಿದ್ದು 1847ರ ಜುಲೈನಲ್ಲಿ. ಯೂಟಾದಲ್ಲಿ ಜುಲೈ 24ಕ್ಕೆ ಸರ್ಕಾರಿ ರಜೆ ಇರುವುದು ಅದಕ್ಕೇ. ಆಮೇಲೆ ಇಂಗ್ಲೆಂಡ್, ವೇಲ್ಸ್, ಸ್ಕ್ಯಾಂಡಿನೇವಿಯಾ ಕಡೆಯಿಂದ ಈ ಧರ್ಮಕ್ಕೆ ಸೇರಿದ ಬಡವರು ಸಾವಿರಗಟ್ಟಲೆ ಹೊರಟುಬಂದರು. ಅವರಿಗೆ ಎತ್ತಿನ ಗಾಡಿ ಕೊಳ್ಳಲು ದುಡ್ಡಿರಲಿಲ್ಲ. ಇಂಥವರಿಗೆಂದು ಚರ್ಚು ಇಟ್ಟಿದ್ದ ಸಹಾಯ ನಿಧಿಯಲ್ಲೂ ಕಾಸು ಕರಗುತ್ತಿತ್ತು. ಆಗ ಹೊಳೆದ ಅಗ್ಗದ ದಾರಿ ಕೈಗಾಡಿ. 1856ರಿಂದ 1860ರವರೆಗೆ ಹತ್ತು ಗುಂಪುಗಳಲ್ಲಿ ಸುಮಾರು 3,000 ಜನ ಹೀಗೆ ನಡೆದರು. ಮೊದಮೊದಲ ಗುಂಪುಗಳು ಹೊರಟದ್ದು ಅಯೋವಾ ಸಿಟಿಯ ರೈಲು ಹಳಿ ಮುಗಿಯುವ ಕಡೆಯಿಂದ. ಅಲ್ಲಿಂದ ಸಾಲ್ಟ್ ಲೇಕ್ ಸಿಟಿಗೆ ಸುಮಾರು 2,100 ಕಿ.ಮೀ.

ಹತ್ತರಲ್ಲಿ ಎಂಟು ಗುಂಪು ದೊಡ್ಡ ಅನಾಹುತವಿಲ್ಲದೆ ಊರು ಸೇರಿದವು. ಇದನ್ನು ಎಷ್ಟೋ ಜನ ಹೇಳುವುದೇ ಇಲ್ಲ. ಎಲ್ಲರಿಗೂ ಗೊತ್ತಿರುವುದು ಉಳಿದ ಎರಡರ ಕಥೆ. ಜೇಮ್ಸ್ ವಿಲ್ಲಿ ಮತ್ತು ಎಡ್ವರ್ಡ್ ಮಾರ್ಟಿನ್ ಮುಂದಾಳಾಗಿದ್ದ ಆ ಗುಂಪುಗಳಲ್ಲಿ ಒಟ್ಟು ಸಾವಿರಕ್ಕೂ ಹೆಚ್ಚು ಜನ ಇದ್ದರು. ಅವರು ಅಯೋವಾ ಬಿಟ್ಟದ್ದೇ 1856ರ ಜುಲೈ ಮಧ್ಯ ಕಳೆದ ಮೇಲೆ. ಗಾಡಿಗಳು ಸಿದ್ಧವಾಗಿರಲಿಲ್ಲ. ಆತುರದಲ್ಲಿ ಹಸಿ ಮರದಲ್ಲೇ ಮಾಡಿದರು. ಒಣ ಬಯಲಿಗೆ ಬಂದದ್ದೇ ಮರ ಕುಗ್ಗಿತು, ಚಕ್ರ ಸಡಿಲವಾಯಿತು. ಕೀಲೆಣ್ಣೆ ಇಲ್ಲದೆ ಅಡುಗೆಗೆ ತಂದ ಬೇಕನ್ ಕೊಬ್ಬು, ಸೋಪನ್ನೇ ಅಚ್ಚಿಗೆ ಸವರಿದರು. ಚಳಿಗಾಲ ಇಲ್ಲೇ ಕಳೆಯೋಣ ಎಂದು ಲೀವೈ ಸ್ಯಾವೇಜ್ ಎಂಬಾತ ನೆಬ್ರಾಸ್ಕಾದ ಫ್ಲಾರೆನ್ಸ್‌ನಲ್ಲಿ ಬೇಡಿಕೊಂಡ. ಯಾರೂ ಕೇಳಲಿಲ್ಲ. ಕೇಳದಿದ್ದರೂ ಅವನು ಅವರ ಜೊತೆಗೇ ಹೊರಟ. ಅಕ್ಟೋಬರ್ 19ಕ್ಕೆ ವಯೋಮಿಂಗ್‌ನಲ್ಲಿ ಹಿಮಗಾಳಿ ಬಡಿಯಿತು. ಎರಡೂ ಗುಂಪು ಸೇರಿ 200ಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು. ಸಾಲ್ಟ್ ಲೇಕ್‌ನಿಂದ ಗಾಡಿಗಟ್ಟಲೆ ಹಿಟ್ಟು, ಕಂಬಳಿ ಹೊತ್ತು ಜನ ಎದುರು ಬರದೇ ಇದ್ದಿದ್ದರೆ ಒಬ್ಬರೂ ಉಳಿಯುತ್ತಿದ್ದರೋ ಇಲ್ಲವೋ.

ಇನ್ನೊಂದು ವಿಷಯ. 2018ರಿಂದ ಇವರ ಚರ್ಚು "ಮಾರ್ಮನ್" ಎನ್ನುವ ಅಡ್ಡಹೆಸರು ಬೇಡ, ಪೂರ್ತಿ ಹೆಸರು ಬಳಸಿ ಎಂದು ಕೇಳಿಕೊಳ್ಳುತ್ತಿದೆ. ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ ಅವರು ಹೇಳಿದ್ದೂ ಅದೇ 2018ರಲ್ಲಿ. ನಾನಿಲ್ಲಿ ನಿಮಗೆ ಗುರುತು ಸಿಗಲಿ ಎಂದು ಹಳೆ ಹೆಸರು ಬಳಸಿದ್ದೇನೆ. ಅವರ ಎದುರಿಗೆ ಮಾತಾಡುವಾಗ ನೋಡಿಕೊಳ್ಳಿ.

ಯಾವ ಟ್ರೆಕ್ ಎಂದು ಕೇಳಿಕೊಳ್ಳಿ

ಎರಡು ಬಗೆ ಇದೆ. ಜಾಸ್ತಿ ನಡೆಯುವುದು ಹದಿಹರೆಯದವರದು. ಹಲವು 'ವಾರ್ಡ್' (ಒಂದೊಂದು ಬಡಾವಣೆಯ ಚರ್ಚಿನ ಬಳಗ) ಸೇರಿದ 'ಸ್ಟೇಕ್' ಇದನ್ನು ನಾಲ್ಕು ವರ್ಷಕ್ಕೊಮ್ಮೆಯೋ ಏನೋ ನಡೆಸುತ್ತದೆ. 14ರಿಂದ 18ರ ಮಕ್ಕಳನ್ನು ಎಂಟು ಹತ್ತು ಜನರ 'ಕುಟುಂಬ'ಗಳಾಗಿ ಹಂಚುತ್ತಾರೆ. ಪ್ರತಿ ಗಾಡಿಗೆ ಒಂದು ದಂಪತಿ, ಅವರೇ ಆ ಮೂರು ದಿನಕ್ಕೆ 'ಮಾ' ಮತ್ತು 'ಪಾ'. ಸ್ವಂತ ಅಪ್ಪ ಅಮ್ಮ ಸಾಮಾನ್ಯವಾಗಿ ಜೊತೆಗಿರುವುದಿಲ್ಲ. ನಿಮ್ಮ ಮಗುವನ್ನು ಗೆಳೆಯರು ಕರೆದರೆ ಬಹುಶಃ ಇದಕ್ಕೇ.

ಇನ್ನೊಂದು, ಮನೆ ಮಂದಿಯೆಲ್ಲ ಹೋಗುವ ಸಣ್ಣ ಟ್ರೆಕ್. ನಾವು ಹೋದದ್ದು ಇದಕ್ಕೆ. ಎಂಟು ಕುಟುಂಬ, ನಾಲ್ಕು ಗಾಡಿ, ಮೂರು ದಿನಕ್ಕೆ ಸುಮಾರು 30 ಕಿ.ಮೀ. ನಿಮ್ಮನ್ನು ಕರೆದವರಲ್ಲಿ ಮೂರು ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ನಡಿಗೆ, ಡಾಕ್ಟರೋ ನರ್ಸೋ ಜೊತೆಗಿರುತ್ತಾರಾ, ನಡೆಯಲಾಗದವರನ್ನು ಕರೆದೊಯ್ಯಲು ಹಿಂದೆ ವಾಹನ ಬರುತ್ತದಾ. ಮೂರನೆಯದಕ್ಕೆ ಇಲ್ಲ ಎಂದರೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ಗುಂಪಿಲ್ಲದಿದ್ದರೂ ಪರವಾಗಿಲ್ಲ. ನಾವು ನಡೆದ ಕಡೆಯೇ, ವಯೋಮಿಂಗ್‌ನ ಮಾರ್ಟಿನ್ಸ್ ಕೋವ್ ಎಂಬಲ್ಲಿ, ಚರ್ಚಿನವರೇ ನೋಡಿಕೊಳ್ಳುವ ಜಾಗ ಇದೆ. ಯಾರು ಬೇಕಾದರೂ ಬರಬಹುದು, ದುಡ್ಡಿಲ್ಲ. ಗಾಡಿಯೂ ಎಳೆಯಲು ಸಿಗುತ್ತದೆ. ದೊಡ್ಡ ಗುಂಪಾದರೆ ಮಾತ್ರ ಬಹಳ ಮುಂಚೆ ಕಾದಿರಿಸಬೇಕು. ಸಾಲ್ಟ್ ಲೇಕ್‌ನಿಂದ ಐ-80 ಹೆದ್ದಾರಿ ಹಿಡಿದು ರಾಲಿನ್ಸ್, ಅಲ್ಲಿಂದ ಬಡಗಣಕ್ಕೆ ತಿರುಗಿ ಮಡ್ಡಿ ಗ್ಯಾಪ್. ಐದೂವರೆ ಗಂಟೆಯ ದಾರಿ. ರಾಲಿನ್ಸ್‌ನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ, ಆಮೇಲೆ ಬಯಲೋ ಬಯಲು.

ಎರಡು ತಿಂಗಳು ಮೊದಲು: ಪಾದ

ತೋಳಿಗೆ ಕಸರತ್ತು ಮಾಡಿದವರನ್ನು ಕಂಡೆ. ಅವರೂ ಕುಂಟಿದರು. ಗಾಡಿ ಎಳೆಯುವುದು ತೋಳಲ್ಲ, ತೊಡೆ ಮತ್ತು ಪಾದ.

ಹಾಗಾಗಿ ಹೊಸ ಬೂಟು ಬೇಡವೇ ಬೇಡ. ಕೊಂಡರೂ ಎರಡು ತಿಂಗಳು ಮೊದಲೇ ಕೊಂಡು ದಿನಾ ಹಾಕಿ. ನಮ್ಮನೆಯವರು ಹೊರಡುವ ವಾರ ಆಫರ್‌ನಲ್ಲಿ ಸಿಕ್ಕಿತೆಂದು ಬೂಟು ತಂದರು. ಎರಡನೇ ದಿನ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು, ಕೊನೆಯ ಆರು ಕಿ.ಮೀ. ಚಪ್ಪಲಿಯಲ್ಲಿ ನಡೆದರು. ತಲೆನೋವು, ಬೊಬ್ಬೆ ಎರಡೂ ಅವರಿಗೇ ಬಂದದ್ದು ನೋಡಿ ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ನಾನು ಪರವಾಗಿಲ್ಲ, ತಿರುಗಿ ನಿಂತು ನಕ್ಕೆ.

ವಾರಕ್ಕೆ ಮೂರು ದಿನ ಒಂದು ಗಂಟೆ, ಶನಿವಾರ ಎರಡು ಮೂರು ಗಂಟೆ ನಡೆಯಿರಿ. ಟಾರು ರಸ್ತೆಯಲ್ಲಿ ಬೇಡ, ಮಣ್ಣು ಮರಳಿನ ದಾರಿಯಲ್ಲಿ. ಉಣ್ಣೆ ಮಿಶ್ರಿತ ಕಾಲುಚೀಲ ತೆಗೆದುಕೊಳ್ಳಿ. ಹತ್ತಿಯದು ಬೆವರು ಹಿಡಿದಿಟ್ಟುಕೊಂಡು ಚರ್ಮ ಉಜ್ಜುತ್ತದೆ. ನಡೆಯುವಾಗ ಒಂದು ಕಡೆ ಬಿಸಿಬಿಸಿ ಅನ್ನಿಸಿದರೆ ತಕ್ಷಣ ನಿಂತು ಅಂಟುಪಟ್ಟಿ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿ ಏನೂ ಪ್ರಯೋಜನವಿಲ್ಲ. ಗಾಡಿ ನಿಲ್ಲಿಸಲು ಮಕ್ಕಳಿಗೆ ನಾಚಿಕೆ ಆಗುತ್ತದೆ. ಯಾರು ಬೇಕಾದರೂ "ನಿಲ್ಲಿ" ಅನ್ನಬಹುದು ಎಂದು ಮನೆಯಲ್ಲೇ ಹೇಳಿ ಕಳಿಸಿ.

ಎತ್ತರದ ವಿಷಯ: ಆ ಬಯಲು ಇರುವುದು ಸಮುದ್ರ ಮಟ್ಟದಿಂದ ಸುಮಾರು 1,800 ಮೀಟರ್ ಮೇಲೆ. ಅಂದರೆ ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು. ನೋಡಲು ಮಟ್ಟಸ, ಆದರೆ ಏದುಸಿರು ಬರುತ್ತದೆ. ಟೆಕ್ಸಾಸ್, ಕ್ಯಾಲಿಫೋರ್ನಿಯಾದ ತಗ್ಗಿನಿಂದ ಬರುವವರು ಒಂದು ದಿನ ಮುಂಚೆ ಬಂದು ಉಳಿಯುವುದು ಒಳ್ಳೆಯದು.

ಬಟ್ಟೆ

ಹೆಂಗಸರಿಗೆ ಉದ್ದ ಲಂಗ, ತುಂಬುತೋಳಿನ ರವಿಕೆ, ತಲೆಗೆ ಬಾನೆಟ್, ಅಂದರೆ ಗಲ್ಲದ ಕೆಳಗೆ ಕಟ್ಟಿಕೊಳ್ಳುವ ಬಟ್ಟೆಯ ಟೋಪಿ. ಗಂಡಸರಿಗೆ ಸಡಿಲ ಪ್ಯಾಂಟು, ಅದು ಜಾರದಂತೆ ಹೆಗಲ ಮೇಲೆ ಹಾಕುವ ಸಸ್ಪೆಂಡರ್ ಪಟ್ಟಿ, ಹುಲ್ಲಿನ ಟೋಪಿ. ಜೀನ್ಸ್ ಬೇಡ ಅನ್ನುತ್ತಾರೆ. ಯೂಟಾದಲ್ಲಿ ಈ ಬಟ್ಟೆ ಬಾಡಿಗೆಗೂ ಸಿಗುತ್ತದೆ, ಅಕ್ಕಪಕ್ಕದವರ ಅಟ್ಟದ ಮೇಲೂ ಇರುತ್ತದೆ. ಮೊದಲು ಅಟ್ಟ ವಿಚಾರಿಸಿ.

ನಾನು ಎರಡು ಹಳೆಯ ಕಾಟನ್ ಸೀರೆ ಕತ್ತರಿಸಿ ನನಗೂ ಮಗಳಿಗೂ ಲಂಗ ಹೊಲಿದೆ. ಲಂಗದ ಅಂಚು ನೆಲದಿಂದ ನಾಲ್ಕು ಬೆರಳಲ್ಲ, ಒಂದು ಗೇಣು ಮೇಲಿರಲಿ. ನಾನು ಚೆಂದಕ್ಕೆಂದು ಪಾದ ಮುಚ್ಚುವಷ್ಟು ಉದ್ದ ಬಿಟ್ಟಿದ್ದೆ. ಗಾಡಿಯ ಹಿಂದಿನಿಂದ ತಳ್ಳುವಾಗ ಬಗ್ಗುತ್ತೀವಲ್ಲ, ಆಗ ಅಂಚು ತುಳಿದು ಮುಗ್ಗರಿಸಿದೆ. ಚಕ್ರಕ್ಕೆ ಸಿಕ್ಕಿದ್ದರೆ ಗತಿ ಬೇರೆಯೇ ಆಗುತ್ತಿತ್ತು. ಆ ರಾತ್ರಿ ಟಾರ್ಚ್ ಹಿಡಿದು ಅಂಚು ಮಡಚಿ ಹೊಲಿದೆ. ಆಮೇಲೆ ಫೋನಿನಲ್ಲಿ ಕೇಳಿದ ಅತ್ತೆ "ಕಚ್ಚೆ ಹಾಕಿ ಉಟ್ಟುಕೊಂಡು ಹೋಗಿದ್ದರೆ ಆಗುತ್ತಿತ್ತಲ್ಲ" ಅಂದರು. ನಿಜ, ನಾಟಿ ಮಾಡಿದವರಿಗೆ ಗೊತ್ತಿರುವುದು ನನಗೆ ಹೊಳೆಯಲಿಲ್ಲ.

ಲಂಗದ ಒಳಗೆ ಮೊಣಕಾಲಿನವರೆಗಿನ ಚಡ್ಡಿ ಇರಲೇಬೇಕು. ಇಲ್ಲದಿದ್ದರೆ ತೊಡೆ ಉಜ್ಜಿ ನಡೆಯಲಾಗುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಲಂಗ ಹಾಕಿ ಕ್ಯಾಂಪ್‌ಫೈರ್ ಹತ್ತಿರ ಹೋಗಬೇಡಿ. ಬಾನೆಟ್ ನೋಡಿ ಮಗಳು ಮೂಗು ಮುರಿದಳು. ಮೊದಲ ದಿನದ ಬಿಸಿಲಿಗೆ ಹೆದರಿ ಎರಡನೇ ದಿನ ತಾನೇ ಕಟ್ಟಿಕೊಂಡಳು.

ಬಕೆಟ್: 17 ಪೌಂಡಿನ ಲೆಕ್ಕ

1856ರಲ್ಲಿ ದೊಡ್ಡವರಿಗೆ ತಲಾ 17 ಪೌಂಡ್ ಸಾಮಾನಿಗೆ ಅವಕಾಶ ಇತ್ತು. ಅಂದರೆ 7.7 ಕೆ.ಜಿ. ಬಟ್ಟೆ, ಹಾಸಿಗೆ ಎಲ್ಲ ಅದರಲ್ಲೇ. ಈಗಲೂ ಅದೇ ಲೆಕ್ಕ ಇಟ್ಟುಕೊಂಡು ತಲೆಗೊಂದು ಐದು ಗ್ಯಾಲನ್ ಬಕೆಟ್ ಕೊಡುತ್ತಾರೆ. 19 ಲೀಟರ್ ಹಿಡಿಯುವ, ಮುಚ್ಚಳ ಇರುವ ಪೇಂಟ್ ಡಬ್ಬದಂಥದ್ದು. ಮುಚ್ಚಿ ಬೋರಲು ಹಾಕಿದರೆ ಕೂರಲು ಸ್ಟೂಲೂ ಆಗುತ್ತದೆ. ಮಲಗುವ ಚೀಲವನ್ನು ಬೇರೆ ಕಟ್ಟುತ್ತಾರೆ.

ನಮ್ಮ ಮನೆಯಲ್ಲಿ ನಡೆದದ್ದು ಹೀಗೆ. ನಾಲ್ಕು ಬಕೆಟ್ ನಡುಮನೆಯಲ್ಲಿಟ್ಟು, ಬೇಕು ಅನ್ನಿಸಿದ್ದೆಲ್ಲ ಹೊರಗೆ ಹಾಸಿ, ತೂಕದ ಮಷಿನ್ ಮೇಲೆ ನಿಂತು ತೂಗಿದೆವು. ನನ್ನದೇ 12 ಕೆ.ಜಿ. ಬಂತು. ತೆಗೆಯುತ್ತ ಹೋದೆವು. ಕೊನೆಗೆ ಉಳಿದದ್ದು:

- ಒಂದು ಜೊತೆ ಬಟ್ಟೆ, ಮೂರು ಜೊತೆ ಕಾಲುಚೀಲ, ಬದಲಿ ಚಪ್ಪಲಿ
- ದಪ್ಪ ಸ್ವೆಟರ್, ಮಳೆಯಂಗಿ (ಹಗಲು ಸುಡುತ್ತದೆ, ರಾತ್ರಿ ನಡುಕ. ಸ್ವೆಟರ್ ಬೇಡ ಅಂದವರೆಲ್ಲ ಒದ್ದಾಡಿದರು)
- ತಟ್ಟೆ, ಲೋಟ, ಚಮಚ, ಟಾರ್ಚ್, ಕೈಗವಸು
- ಅಂಟುಪಟ್ಟಿ, ಓಆರ್‌ಎಸ್ ಪೊಟ್ಟಣ, ಸನ್‌ಸ್ಕ್ರೀನ್, ದಿನದ ಮಾತ್ರೆಗಳು
- ಸೊಳ್ಳೆಗೆ ಡೀಟ್ ಇರುವ ಕ್ರೀಮು

ಕೈಗವಸು ಮರೆಯಬೇಡಿ. ಗಾಡಿ ಎಳೆಯಲು ಹಿಡಿಯುವ ಅಡ್ಡಮರದ ಸಿಬಿರು ಅಂಗೈಗೆ ಹೊಕ್ಕರೆ ಆ ಕತ್ತಲಲ್ಲಿ ತೆಗೆಯುವುದು ಕಷ್ಟ. ಸೊಳ್ಳೆಯನ್ನೂ ಹಗುರಾಗಿ ನೋಡಬೇಡಿ. ಸ್ವೀಟ್‌ವಾಟರ್ ಹೊಳೆಯ ದಂಡೆಯಲ್ಲಿ ಸಂಜೆ ಮುತ್ತುವ ಸೊಳ್ಳೆ ನಮ್ಮ ಗದ್ದೆ ಬಯಲಿನ ಸೊಳ್ಳೆಗೆ ಏನೂ ಕಡಿಮೆಯಿಲ್ಲ. ಉಣ್ಣೆಯೂ ಇದೆ, ಹುಲ್ಲಲ್ಲಿ ಕಾಯುವ ಉಣ್ಣೆಹುಳ. ಅದಕ್ಕೆ ಹಿಂದಿನ ದಿನವೇ ಬಟ್ಟೆಗೆ ಪರ್ಮೆಥ್ರಿನ್ ಸ್ಪ್ರೇ ಹೊಡೆದು ಒಣಗಿಸಿ. ಅದನ್ನು ಮೈಗೆ ಹೊಡೆದುಕೊಳ್ಳುವಂತಿಲ್ಲ.

ಫೋನನ್ನು ಬಹಳ ಕಡೆ ಇಸಿದಿಟ್ಟುಕೊಳ್ಳುತ್ತಾರೆ. ಮಗನಿಗೆ ಸಂಕಟವಾಯಿತು. ನನಗೂ.

ಊಟ: ನಾವು ಸಸ್ಯಾಹಾರಿಗಳು, ಏನು ಮಾಡುವುದು?

ಹೆಸರು ಕೊಡುವಾಗಲೇ ಬರೆದುಕೊಡಿ. ಅಲ್ಲಿ ಹೋಗಿ ಹೇಳಿದರೆ ಪಾಪ, ಅಡುಗೆಯವರು ತಾನೆ ಏನು ಮಾಡಿಯಾರು? ರಾತ್ರಿಯ ಊಟ ಹೆಚ್ಚಾಗಿ ದನದ ಮಾಂಸದ ಸ್ಟ್ಯೂ, ಇಲ್ಲವೇ ಹಂದಿ ಮಾಂಸ ತುಂಬಿದ ಬನ್. ಬೆಳಿಗ್ಗೆ ಓಟ್ಸ್ ಗಂಜಿ, ಪ್ಯಾನ್‌ಕೇಕ್. ಕೆಂಡದ ಮೇಲೆ ಡಚ್ ಅವನ್ ಎಂಬ ಬೀಡಿನ ಪಾತ್ರೆ ಇಟ್ಟು ಮಾಡುವ ಪೀಚ್ ಹಣ್ಣಿನ ಸಿಹಿ ಮಾತ್ರ ಬಹಳ ರುಚಿ.

ಎರಡು ಕಡೆ ಎಚ್ಚರ. ಬೆಂಕಿಯಲ್ಲಿ ಸುಟ್ಟು ತಿನ್ನುವ ಮಾರ್ಷ್‌ಮೆಲೋ ಮತ್ತು ಜೆಲ್ಲೊ ಎಂಬ ಸಿಹಿ ಜೆಲ್ಲಿ, ಎರಡರಲ್ಲೂ ಜೆಲಟಿನ್ ಇರುತ್ತದೆ. ಜೆಲಟಿನ್ ಬರುವುದು ಪ್ರಾಣಿಯ ಮೂಳೆ ಚರ್ಮದಿಂದ. ಯೂಟಾದವರಿಗೆ ಜೆಲ್ಲೊ ಅಂದರೆ ಪ್ರಾಣ. 2001ರಲ್ಲಿ ಅದನ್ನು ರಾಜ್ಯದ ಅಧಿಕೃತ ತಿಂಡಿ ಅಂತಲೇ ಘೋಷಿಸಿದ್ದಾರೆ. ಪ್ರೀತಿಯಿಂದ ಬಡಿಸಲು ಬಂದಾಗ ಬೇಡ ಅನ್ನುವುದು ಮುಜುಗರ, ಅಲ್ವಾ? ಮೊದಲೇ ಹೇಳಿಬಿಡಿ.

ನಾನು ಒಯ್ದದ್ದು ಗೊಜ್ಜವಲಕ್ಕಿ ಪುಡಿ ಬೆರೆಸಿದ ತೆಳು ಅವಲಕ್ಕಿ, ಹುರಿಹಿಟ್ಟು, ಶೇಂಗಾ ಚಿಕ್ಕಿ, ಚಟ್ನಿಪುಡಿ. ಅವಲಕ್ಕಿಗೆ ಬಿಸಿನೀರು ಚಿಮುಕಿಸಿದರೆ ಐದು ನಿಮಿಷದಲ್ಲಿ ಊಟ. ಹುರಿಹಿಟ್ಟನ್ನು ಬೆಲ್ಲದ ನೀರಲ್ಲಿ ಕಲಸಿ ನಮ್ಮ ಗಾಡಿಯವರಿಗೆಲ್ಲ ಕೊಟ್ಟೆ. 1856ರಲ್ಲಿ ಒಬ್ಬರಿಗೆ ದಿನಕ್ಕೆ ಒಂದು ಪೌಂಡ್ ಹಿಟ್ಟು ಕೊಡುತ್ತಿದ್ದರಂತೆ, ದಾರಿ ಸಾಗಿದಂತೆ ಅದನ್ನೂ ಇಳಿಸುತ್ತ ಹೋದರಂತೆ. ಅದನ್ನು ನೀರಲ್ಲಿ ಕಲಸಿ ಬೇಯಿಸಿಕೊಂಡು ಈ ದಾರಿ ನಡೆದವರ ಮರಿಮೊಮ್ಮಕ್ಕಳ ಮಕ್ಕಳು ನಮ್ಮ ಹುರಿಹಿಟ್ಟು ತಿಂದು "ಇನ್ನೊಂದಿಷ್ಟು" ಅಂದರು.

ನೀರು: ನಡೆಯುವಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಗುಟುಕು ಗುಟುಕಾಗಿ. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತ ಹೋದರೆ ಮೈಯ ಉಪ್ಪು ಇಳಿದು ಅದೇ ಅಪಾಯ. ನಡುವೆ ಓಆರ್‌ಎಸ್ ಅಥವಾ ಉಪ್ಪಿನ ತಿಂಡಿ ಇರಲಿ. ಒಣಗಾಳಿಗೆ ಬೆವರು ಕಾಣುವುದೇ ಇಲ್ಲ, ಹಾಗಾಗಿ ಬಾಯಾರಿಕೆಗೆ ಕಾಯಬೇಡಿ. ಯಾರಾದರೂ ತೊದಲಿದರೆ, ದಿಕ್ಕು ತಪ್ಪಿದ ಹಾಗೆ ಮಾತಾಡಿದರೆ ಅಲ್ಲೇ ನಿಲ್ಲಿಸಿ, ನೆರಳಿಗೆ ಎಳೆದು, ಮೈ ಮೇಲೆ ನೀರು ಸುರಿದು, ಸಹಾಯ ಕರೆಸಿ. 2016ರಲ್ಲಿ ಓಕ್ಲಹೋಮಾದಲ್ಲಿ ಇಂಥದೇ ಟ್ರೆಕ್‌ನಲ್ಲಿ ಮಕ್ಕಳ ಜೊತೆ ಹೋಗಿದ್ದ ತರುಣಿಯೊಬ್ಬರು ಬಿಸಿಲಿನ ಹೊಡೆತಕ್ಕೆ ತೀರಿಕೊಂಡರು. "ಹಿರಿಯರು ಇದಕ್ಕಿಂತ ಕಷ್ಟಪಟ್ಟಿದ್ದರು" ಅನ್ನುವ ಮಾತನ್ನು ಬಿಸಿಲಿನ ವಿಷಯದಲ್ಲಿ ಮಾತ್ರ ಕೇಳಬೇಡಿ.

ಗಾಡಿ ತುಂಬುವುದು, ಎಳೆಯುವುದು, ಇಳಿಸುವುದು

ಇದನ್ನು ಯಾರೂ ಸರಿಯಾಗಿ ಕಲಿಸಲಿಲ್ಲ. ಹಾಗಾಗಿ ಇಲ್ಲಿ ವಿವರವಾಗಿ ಹೇಳುತ್ತೇನೆ.

ಗಾಡಿ ಅಂದರೆ ಎರಡು ದೊಡ್ಡ ಚಕ್ರ, ನಡುವೆ ಅಚ್ಚು, ಮೇಲೊಂದು ಪೆಟ್ಟಿಗೆ. ಮುಂದೆ ಎರಡು ಮೂಕಿ, ಅವುಗಳ ತುದಿ ಸೇರಿಸುವ ಅಡ್ಡಮರ. ನಮ್ಮ ಒಂಟೆತ್ತಿನ ಗಾಡಿಯಿಂದ ಎತ್ತು ಬಿಚ್ಚಿ ಆ ಜಾಗದಲ್ಲಿ ಇಬ್ಬರು ನಿಂತರೆ ಹೇಗೋ ಹಾಗೆ.

ತುಂಬುವಾಗ ಭಾರವೆಲ್ಲ ಅಚ್ಚಿನ ಮೇಲೆ, ಕೂದಲೆಳೆಯಷ್ಟು ಮುಂದಕ್ಕೆ ಇರಬೇಕು. ನಾವು ಮೊದಲ ಬೆಳಿಗ್ಗೆ ಎರಡು ನೀರಿನ ಡ್ರಮ್ಮನ್ನು ತೆಗೆಯಲು ಸುಲಭ ಎಂದು ಹಿಂದಿನ ತುದಿಗಿಟ್ಟೆವು. ಮೊದಲ ಏರಿನಲ್ಲೇ ಅಡ್ಡಮರ ಮೇಲಕ್ಕೆದ್ದಿತು, ಒಳಗಿದ್ದ ನಮ್ಮನೆಯವರು ಅದಕ್ಕೆ ಜೋತುಬಿದ್ದರು. ನೋಡಿದವರಿಗೆ ನಗು, ನನಗೆ ಎದೆ ಝಲ್ಲೆಂದಿತು. ಹಾಸನದ ಕಡೆ ಎತ್ತಿನ ಗಾಡಿ ಹೊಡೆದು ಬೆಳೆದ ನಮ್ಮ ಮಾವನವರಿಗೆ ಆಮೇಲೆ ಹೇಳಿದಾಗ ಒಂದೇ ಮಾತಲ್ಲಿ ಮುಗಿಸಿದರು: "ಹಿಂಭಾರ ಆದ್ರೆ ಮೂಕಿ ಎದ್ದೇ ಏಳುತ್ತೆ, ಮುಂಭಾರ ಆದ್ರೆ ಎತ್ತಿನ ಕತ್ತು ಹೋಗುತ್ತೆ." ಡ್ರಮ್ಮು ಅಚ್ಚಿನ ಮೇಲೆ, ಬಕೆಟ್‌ಗಳು ಸುತ್ತ, ಹಾಸಿಗೆ ಮೇಲೆ. ಕೊನೆಗೆ ಹಗ್ಗ ಬಿಗಿದು ಕಟ್ಟಿ. ವಿಲ್ಲಿ ಗುಂಪಿನವರು ಫ್ಲಾರೆನ್ಸ್ ಬಿಡುವಾಗ ಪ್ರತಿ ಗಾಡಿಗೆ 98 ಪೌಂಡಿನ, ಅಂದರೆ 44 ಕೆ.ಜಿ.ಯ ಹಿಟ್ಟಿನ ಮೂಟೆ ಹೆಚ್ಚುವರಿಯಾಗಿ ಹೇರಿಕೊಂಡಿದ್ದರು. ನಮ್ಮ ಗಾಡಿಯಲ್ಲಿ ಎರಡು ಡ್ರಮ್ ನೀರು ಸರಿಯಾದ ಜಾಗದಲ್ಲಿ ಇಲ್ಲದ್ದಕ್ಕೇ ಈ ಪಾಡು.

ನಿಲ್ಲುವ ಕ್ರಮ: ಅಡ್ಡಮರದ ಒಳಗೆ ಒಂದೇ ಎತ್ತರದ ಇಬ್ಬರು. ಒಬ್ಬರು ಕುಳ್ಳು, ಒಬ್ಬರು ಉದ್ದ ಆದರೆ ಗಾಡಿ ಒಂದು ಕಡೆಗೇ ಎಳೆಯುತ್ತದೆ. ಹಿಂದೆ ಇಬ್ಬರು ಮೂವರು ತಳ್ಳುವವರು. ಏರು ಬಂದರೆ ಮುಂದೆ ಹಗ್ಗ ಕಟ್ಟಿ ಇನ್ನಿಬ್ಬರು. ಅಡ್ಡಮರವನ್ನು ಕೈಯಲ್ಲಿ ಎಳೆಯಬೇಡಿ, ಹೊಟ್ಟೆಯ ಹತ್ತಿರ ತಂದು ಮೈಭಾರದಿಂದ ನೂಕಿ. ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಒಳಗಿರುವವರು ಜೋರಾಗಿ ಹೇಳಿದಾಗಲೇ ಹೊರಡಬೇಕು, ನಿಲ್ಲಬೇಕು. ಚಕ್ರದ ಪಕ್ಕ ಮಕ್ಕಳು ನಡೆಯುವಂತಿಲ್ಲ, ಚಕ್ರ ಹಿಡಿದು ತಿರುಗಿಸಲು ಹೋಗುವಂತಿಲ್ಲ. ಕಡ್ಡಿಗಳ ನಡುವೆ ಬೆರಳು ಸಿಕ್ಕರೆ ಮುರಿಯುತ್ತದೆ. ಗಾಡಿ ಮೇಲೆ ಕೂರುವ ಆಸೆ ಎಲ್ಲ ಮಕ್ಕಳಿಗೂ ಬರುತ್ತದೆ. ಬೇಡ.

ನಾವೆಲ್ಲ ಏರಿಗೆ ಹೆದರುತ್ತೇವೆ. ಹೆದರಬೇಕಾದದ್ದು ಇಳಿಜಾರಿಗೆ. ಏರಿನಲ್ಲಿ ಸುಸ್ತಾದರೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಬಹುದು. ಇಳಿಜಾರಿನಲ್ಲಿ ಕೈ ತಪ್ಪಿದ ಗಾಡಿ ಮುಂದಿರುವವರ ಮೇಲೇ ಹಾಯುತ್ತದೆ. ಇಳಿಯುವ ಮುನ್ನ ನಿಲ್ಲಿಸಿ. ಹಗ್ಗವನ್ನು ಮುಂದಿನಿಂದ ಬಿಚ್ಚಿ ಹಿಂದಕ್ಕೆ ಕಟ್ಟಿ. ಗಟ್ಟಿಮುಟ್ಟಾದವರು ಆ ಹಗ್ಗ ಹಿಡಿದು ಹಿಂದಕ್ಕೆ ವಾಲಲಿ. ಒಳಗಿರುವವರೂ ಅಡ್ಡಮರವನ್ನು ಹಿಂದಕ್ಕೆ ಒತ್ತುತ್ತ ಹಿಮ್ಮಡಿ ಊರಿ ಇಳಿಯಲಿ. ಮುಂದಿನ ಗಾಡಿ ಪೂರ್ತಿ ಕೆಳಗೆ ತಲುಪುವವರೆಗೆ ನಿಮ್ಮದು ಹೊರಡಬಾರದು. ನಾವು ಎರಡನೇ ದಿನ ಒಂದು ಇಳಿಜಾರು ಇಳಿಯಲು ಅರ್ಧ ಗಂಟೆ ತೆಗೆದುಕೊಂಡೆವು. ಹಿಂದಿನ ಗಾಡಿಯವರು ಗೊಣಗಿದರು. ಗೊಣಗಲಿ ಬಿಡಿ.

ಹೆಂಗಸರ ಸರದಿ

ಒಂದು ಹಂತದಲ್ಲಿ ಗಂಡಸರು, ಹುಡುಗರನ್ನೆಲ್ಲ ದೂರ ಕಳಿಸಿ, ಹೆಂಗಸರೇ ಒಂದು ಕಡಿದಾದ ಏರು ಎಳೆಯಬೇಕು. ಗಂಡಸರು ದಾರಿಯ ಎರಡೂ ಕಡೆ ಟೋಪಿ ತೆಗೆದು ಮಾತಿಲ್ಲದೆ ನಿಲ್ಲುತ್ತಾರೆ. ಇದಕ್ಕೆ 'ವಿಮೆನ್ಸ್ ಪುಲ್' ಎನ್ನುತ್ತಾರೆ. ಮಾರ್ಮನ್ ಗಂಡಸರನ್ನು ಸೈನ್ಯಕ್ಕೆ ಕರೆದೊಯ್ದರು, ಅದಕ್ಕೇ ಹೆಂಗಸರು ಎಳೆದರು ಎಂದು ಅವರು ಕಾರಣ ಹೇಳುವುದುಂಟು. ಸುಮಾರು 500 ಜನರ ಆ ದಳ, ಮಾರ್ಮನ್ ಬೆಟಾಲಿಯನ್, ಅಮೆರಿಕದ ಸೈನ್ಯ ಸೇರಿದ್ದು 1846ರಲ್ಲಿ, ಕೈಗಾಡಿ ಶುರುವಾದದ್ದು 1856ರಲ್ಲಿ. ಹತ್ತು ವರ್ಷದ ಅಂತರ. ಮಗಳು ಅಲ್ಲೇ ಇದನ್ನು ಲೆಕ್ಕ ಹಾಕಿ ನನ್ನ ಕಿವಿಯಲ್ಲಿ ಉಸುರಿದಳು. ಆದರೆ ಗಂಡ ಸತ್ತ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಗಾಡಿ ಎಳೆದ ಹೆಂಗಸರು ಆ ದಾರಿಯಲ್ಲಿ ಇದ್ದದ್ದಂತೂ ನಿಜ. ಅಷ್ಟು ಸಾಕು, ಬೆಟಾಲಿಯನ್ ಬೇಕಿಲ್ಲ.

ಹೇಗೆ ಎಳೆಯುವುದು ಅಂದರೆ, ಓಡಬೇಡಿ. ಹುರುಪಿನಲ್ಲಿ ಕೆಳಗೆ ಓಡಿದವರು ನಡು ಏರಿನಲ್ಲಿ ಉಸಿರು ಕಟ್ಟಿ ನಿಂತರು. ನಿಂತ ಗಾಡಿಯನ್ನು ಮತ್ತೆ ಹೊರಡಿಸುವುದು ಎರಡರಷ್ಟು ಕಷ್ಟ. ಸಣ್ಣ ಹೆಜ್ಜೆ, ಒಬ್ಬರು ಎಣಿಸಬೇಕು. ನಮ್ಮ ಗಾಡಿಯಲ್ಲಿ ಎಣಿಸಿದವಳು ನಾನು. ಯಾವಾಗ ಇಂಗ್ಲಿಷ್ ಬಿಟ್ಟು "ಒಂದು, ಎರಡು, ಒಂದು, ಎರಡು" ಅನ್ನತೊಡಗಿದೆನೋ ನನಗೇ ಗೊತ್ತಾಗಲಿಲ್ಲ. ಮೇಲೆ ತಲುಪುವಷ್ಟರಲ್ಲಿ ಹಿಂದೆ ತಳ್ಳುತ್ತಿದ್ದ ಹುಡುಗಿಯರೂ ಹಾಗೇ ಎಣಿಸುತ್ತಿದ್ದರು. ನಮ್ಮನೆಯವರು ಟೋಪಿ ಹಿಡಿದು ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಧೂಳು ಅಂದರು.

ಮಾರ್ಟಿನ್ಸ್ ಕೋವ್‌ನಲ್ಲಿ

ಬಂಡೆಬೆಟ್ಟದ ಮಗ್ಗುಲಲ್ಲಿ ಗಾಳಿಗೆ ಮರೆಯಾದ ಒಂದು ಬೋಗುಣಿಯಂಥ ಜಾಗ. 1856ರ ನವೆಂಬರ್‌ನಲ್ಲಿ ಮಾರ್ಟಿನ್ ಗುಂಪಿನವರು ಹಿಮಗಾಳಿಯಿಂದ ತಪ್ಪಿಸಿಕೊಳ್ಳಲು ಕೆಲವು ದಿನ ಇಲ್ಲಿ ಉಳಿದಿದ್ದರು. ಹತ್ತಿರದಲ್ಲೇ ಡೆವಿಲ್ಸ್ ಗೇಟ್ ಇದೆ, ಹೊಳೆ ಬಂಡೆಯನ್ನು ನೂರು ಮೀಟರಿಗೂ ಆಳಕ್ಕೆ ಸೀಳಿಕೊಂಡು ಹೋದ ಕಂಡಿ. ಕೋವ್‌ನ ಒಳಗೆ ಗಾಡಿ ಒಯ್ಯುವುದಿಲ್ಲ, ಹೊರಗೇ ನಿಲ್ಲಿಸಿ ನಡೆಯುತ್ತಾರೆ. ಇಲ್ಲಿ ಸತ್ತವರಿದ್ದಾರೆ. ಮಕ್ಕಳಿಗೆ ಮೊದಲೇ ಹೇಳಿ, ಗಲಾಟೆ ಬೇಡ, ಕಲ್ಲು ಹೆಕ್ಕುವುದು ಬೇಡ, ದಾರಿ ಬಿಟ್ಟು ಓಡುವುದು ಬೇಡ. ಕೊನೆಯದು ಭಕ್ತಿಗಷ್ಟೇ ಅಲ್ಲ, ವಿಷದ ಬುಡುಬುಡಿಕೆ ಹಾವಿಗೂ (ರ‍್ಯಾಟಲ್‌ಸ್ನೇಕ್).

ಇಲ್ಲೇ ಸ್ವೀಟ್‌ವಾಟರ್ ಹೊಳೆ ದಾಟಿಸಿದ ಕಥೆ ಹೇಳುತ್ತಾರೆ. 18 ವರ್ಷದ ಮೂವರು ಹುಡುಗರು ಮಂಜುಗಡ್ಡೆ ತೇಲುವ ನೀರಲ್ಲಿ ಇಡೀ ಗುಂಪನ್ನು ಹೊತ್ತು ದಾಟಿಸಿ, ಅದೇ ಕಾರಣಕ್ಕೆ ಆಮೇಲೆ ತೀರಿಕೊಂಡರು ಎಂದು. ಇತಿಹಾಸಕಾರರು ಕೆದಕಿ ನೋಡಿದಾಗ ಹೊತ್ತವರು ಮೂವರಿಗಿಂತ ಹೆಚ್ಚು, ಅವರು ಬಹಳ ವರ್ಷ ಬದುಕಿದ್ದರು ಎಂದು ಗೊತ್ತಾಯಿತು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಇದನ್ನು ತಾವೇ ಹೇಳಿದರು. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಹೊಳೆ ದಾಟಿಸುವುದಿದ್ದರೆ ಬೂಟು ಕಳಚಿ ಬರಿಗಾಲಲ್ಲಿ ಇಳಿಯಬೇಡಿ, ಹಳೆ ಶೂ ಹಾಕಿಕೊಳ್ಳಿ. ಜುಲೈನಲ್ಲೂ ನೀರು ಕೊರೆಯುತ್ತಿತ್ತು. ಮಗ ದಡಕ್ಕೆ ಬಂದು ಹಲ್ಲು ಕಟಕಟಿಸುತ್ತ "ಅವರಿಗೆ ಟವೆಲ್ ಇತ್ತಾ ಅಮ್ಮ?" ಎಂದು ಕೇಳಿದ.

ಸಂಜೆ ಮತ್ತು ಪ್ರಾರ್ಥನೆ

ಸಂಜೆ ಪಿಟೀಲು, ಕುಣಿತ ಇರುತ್ತದೆ. ಕಾಲು ಎಳೆಯುತ್ತ ಬಂದ ಮಕ್ಕಳು ಇದಕ್ಕೆ ಮಾತ್ರ ಜಿಗಿದು ಏಳುತ್ತಾರೆ. ಊಟದ ಮೊದಲು, ಹೊರಡುವ ಮೊದಲು ಪ್ರಾರ್ಥನೆ. ಕೊನೆಯ ರಾತ್ರಿ ಒಬ್ಬೊಬ್ಬರೇ ಎದ್ದು ತಮ್ಮ ನಂಬಿಕೆಯ ಬಗ್ಗೆ ಹೇಳುವ ಸಭೆ. ನೀವು ಮಾತಾಡಲೇಬೇಕೆಂದಿಲ್ಲ. ಸುಮ್ಮನೆ ಕೂತರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಧರ್ಮಕ್ಕೆ ಸೇರಿ ಎಂದು ನಮ್ಮನ್ನು ಯಾರೂ ಒತ್ತಾಯಿಸಲಿಲ್ಲ. ಕೇಳಿದರೆ "ನಾವು ನೆರೆಯವರಾಗಿ ಬಂದಿದ್ದೇವೆ" ಅನ್ನಿ, ಸಾಕು. ಮಕ್ಕಳಿಗೂ ಆ ಒಂದು ವಾಕ್ಯ ಕಲಿಸಿಡಿ.

ನನಗೆ ಕೊಂಚ ಬೇಸರವಾದದ್ದು ಬೇರೆ ವಿಷಯಕ್ಕೆ. ಅದು ಅಮೆರಿಕದ ಮೂಲನಿವಾಸಿಗಳಾದ ಶೊಶೋನಿ, ಅರಪಾಹೊ ಜನ ಓಡಾಡಿದ ನೆಲ. ಅವರಿಗೆಂದು ಮೀಸಲಿಟ್ಟ ನೆಲ, ವಿಂಡ್ ರಿವರ್ ರಿಸರ್ವೇಶನ್, ಇವತ್ತಿಗೂ ಅಲ್ಲಿಂದ ದೂರವೇನಿಲ್ಲ. ಮೂರು ದಿನದಲ್ಲಿ ಅವರ ಮಾತು ಒಮ್ಮೆಯೂ ಬರಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಮಕ್ಕಳಿಗೆ ನಾನೇ ಹೇಳಿದೆ.

ಮನೆಗೆ ಬಂದ ಮೇಲೆ

ಬಟ್ಟೆಯನ್ನು ಒಳಗೆ ತರುವ ಮೊದಲು ಹೊರಗೇ ಕೊಡವಿ. ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಹಿಂದೆ, ನೆತ್ತಿ, ಎಲ್ಲ ಕಡೆ ಉಣ್ಣೆ ಕಚ್ಚಿದೆಯಾ ಎಂದು ನೋಡಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಉಣ್ಣೆಯ ವಿಷಯ ಹೇಳಿ.

ಎರವಲು ತಂದ ಬಾನೆಟ್, ಟೋಪಿಗಳನ್ನು ಒಗೆದು, ಇಸ್ತ್ರಿ ಮಾಡಿ ಹಿಂದಿರುಗಿಸಿ. ಖಾಲಿ ಕೊಡಬೇಡಿ, ಜೊತೆಗೆ ಏನಾದರೂ ತಿಂಡಿ ಇರಲಿ. ನಾನು ಕೋಡುಬಳೆ ಮಾಡಿ ಕೊಟ್ಟೆ. ಖಾರ ಜಾಸ್ತಿಯಾಯಿತು ಅನ್ನಿಸುತ್ತದೆ, ಆದರೆ ಡಬ್ಬಿ ಮೂರೇ ದಿನಕ್ಕೆ ಖಾಲಿಯಾಗಿ ವಾಪಸ್ ಬಂತು, ಒಳಗೆ ಪೀಚ್ ಹಣ್ಣು ಇತ್ತು.

ಬರುವ ದಾರಿಯಲ್ಲಿ ರಾಲಿನ್ಸ್ ಪೆಟ್ರೋಲ್ ಬಂಕಿನಲ್ಲಿ ನಮ್ಮನೆಯವರು ಮೂರು ದಿನದ ನಂತರ ಒಂದು ಕಾಫಿ ಕುಡಿದರು. ಬಹಳ ಕೆಟ್ಟದಾಗಿತ್ತಂತೆ. ಎರಡನೆಯದನ್ನೂ ತೆಗೆದುಕೊಂಡರು.